ಕರೆಂಟ್ ಮರಳಿದಾಗ

ಅಲ್ಪವಿದ್ಯೆ ಮಹಾಗರ್ವ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಎಲೆಕ್ಟ್ರಾನಿಕ್ಸ್ ಕ್ಲಾಸು ಮುಗಿಯುವ ಮೊದಲೇ ಕೇಶರಬಾಯಿ ಹುಮನಾಬಾದಿನ ಬೇಳೆ ಮಿಲ್ಲೊಂದಕ್ಕೆ ಯಂತ್ರ ಚಾಲೂ ಮಾಡುವ ಡಿಜಿಟಲ್ ಪೆಟ್ಟಿಗೆ ಮಾಡಿಕೊಟ್ಟಿದ್ದಳು. ಅವಳ ತಾಯಿ ಸೋನುಬಾಯಿಗೆ ಅಲ್ಲೇ ಕೂಲಿ. ಸಾವಕಾರ ಮಹಾರುದ್ರಪ್ಪ ಗುಂಡಿ ಒತ್ತಿದರೆ ಪೆಟ್ಟಿಗೆ ಮೊದಲು ಗಂಟೆ ಬಾರಿಸಬೇಕು, ಹತ್ತು ಎಣಿಸಬೇಕು, ಆಮೇಲಷ್ಟೇ ಮೋಟಾರು ತಿರುಗಿಸಬೇಕು. ನಿಲುಗಡೆ, ಗಂಟೆ, ಓಟ: ಮೂರೇ ಸ್ಥಿತಿ. ಇಪ್ಪತ್ತು ದಿನದಿಂದ ಪೆಟ್ಟಿಗೆ ಹೇಳಿದ ಹಾಗೆ ಕೇಳಿತ್ತು, ಹುಡುಗಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

೧೯೮೭ರ ಒಂದು ಮಧ್ಯಾಹ್ನ, ಬಸವಕಲ್ಯಾಣದ ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ನಡೆಯುವ ಕ್ಲಾಸಿನಲ್ಲಿ, ಯುನೂಸ್ ಮಾಸ್ತರರು ಅವಳಿಂದ ಹಲಗೆಯ ಮೇಲೆ ಆ ಪೆಟ್ಟಿಗೆಯ ನಕ್ಷೆ ಬರೆಸಿದರು. ಮೂರು ವೃತ್ತ, ನಡುವೆ ಬಾಣ. ಬಹಳ ಹೊತ್ತು ನೋಡಿದರು.

"ಎಲ್ಲಾ ಬರೋಬ್ಬರ ಅದ. ಕರೆಂಟ್ ಹೋಗಿ ಬಂದಾಗ ಇದು ಯಾವ ಸ್ಥಿತಿಯಾಗ ಏಳತದ?"

"ನಿಲುಗಡೆಯಾಗ್ರಿ, ಸರ್."

"ಹಂಗಂತ ಅದಕ್ಕ ಯಾರ ಹೇಳ್ಯಾರ? ಸ್ಥಿತಿ ನೆನಪಿಡೋ ಫ್ಲಿಪ್-ಫ್ಲಾಪು ಕರೆಂಟ್ ಹೋದರ ಎಲ್ಲಾ ಮರೀತದ. ತಿರುಗಿ ಬಂದಾಗ ಸೊನ್ನೆ ಹಿಡೀತದೋ ಒಂದು ಹಿಡೀತದೋ, ಅದರ ಮರ್ಜಿ. ಕರೆಂಟ್ ಬಂದ ಕೂಡಲೇ ನಿಲುಗಡೆಗೆ ತರೋ ರೀಸೆಟ್ ನೀ ಹಾಕಿಲ್ಲ. ಸೀದಾ ಓಟದಾಗೇ ಎದ್ದರ?"

ಕೇಶರ ಗೋಡೆಯ ಗಡಿಯಾರ ನೋಡಿದಳು. ಹುಮನಾಬಾದಿನಲ್ಲಿ ದಿನಾ ಹನ್ನೆರಡಕ್ಕೆ ಹೋದ ಕರೆಂಟು ಮೂರಕ್ಕೆ ಬರುತ್ತಿತ್ತು. ಯಂತ್ರ ಸುಮ್ಮನಿರುವ ಆ ಹೊತ್ತಿನಲ್ಲೇ ರೋಲರಿನ ಬಾಯಿಗೆ ಭುಜದವರೆಗೆ ಕೈ ಹಾಕಿ, ಸಿಕ್ಕಿಕೊಂಡ ಹೊಟ್ಟು ತೆಗೆಯುವುದು ಮಿಲ್ಲಿನ ರೂಢಿ. ಸಣ್ಣ ಕೈಯವಳೆಂದು ಆ ಕೆಲಸ ಸೋನುಬಾಯಿಗೇ ಬರುತ್ತಿತ್ತು. ಮಿಲ್ಲಿನಲ್ಲಿ ಫೋನಿಲ್ಲ.

ಕೇಶರ ಚೀಲ ಅಲ್ಲೇ ಬಿಟ್ಟು ಬಸ್ಸು ಹಿಡಿದಳು. ಆ ಬಸ್ಸೋ, ಕೈ ಎತ್ತಿದವರಿಗೆಲ್ಲ ನಿಂತಿತು. ದಾರಿಯುದ್ದಕ್ಕೂ ಚಹಾ ಹೋಟೆಲುಗಳ ಫ್ಯಾನು ತಿರುಗುತ್ತಿದೆಯೇ ಎಂದು ಇಣುಕಿ ನೋಡಿದಳು. ನಿಂತ ಫ್ಯಾನು ಕಂಡಾಗಲೆಲ್ಲ, ಕರೆಂಟು ಇನ್ನೂ ಬಂದಿಲ್ಲವೆಂದು ಒಂದು ಉಸಿರು ಬಿಡುತ್ತಿದ್ದಳು. ಭಯವೆಂದರೆ ಭಯ, ಅವ್ವನ ಬಲಗೈಯ ಹಸಿರು ಬಳೆಗಳನ್ನು ಬಿಟ್ಟು ಬೇರೇನೂ ಮನಸ್ಸಿಗೆ ಬರಲೊಲ್ಲದು.

ಹುಮನಾಬಾದಿನಲ್ಲಿ ಇಳಿದಾಗ ಮೂರಕ್ಕೆ ಹತ್ತು ನಿಮಿಷ. ಓಡಿದಳು. ಮಿಲ್ಲಿನೊಳಗೆ ಕತ್ತಲು. ಸೋನುಬಾಯಿ ಕೆನ್ನೆಯನ್ನು ಯಂತ್ರಕ್ಕೆ ಒತ್ತಿ, ಇಡೀ ತೋಳನ್ನು ಒಳಗಿಟ್ಟು ನಿಂತಿದ್ದಳು. ಕೇಶರ ಸೀದಾ ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗೆಳೆದಳು.

"ಅವ್ವ, ಕೈ ತಗಿ."

ವಿಷಯ ಕೇಳಿ ಮಹಾರುದ್ರಪ್ಪ ನಕ್ಕ. "ಇಪ್ಪತ್ತು ದಿನ ಆತು. ಏನಾಗ್ಯದ? ಸುಮ್ಮ ಹೆದರಾಕತ್ತಿ."

"ನೋಡೂಣ್ರಿ, ಸಾವಕಾರ್ರ. ಎಲ್ಲಾರೂ ಹಿಂದ ಸರೀರಿ."

ಮೂರಕ್ಕೆ ಕರೆಂಟು ಬಂತು, ಎದುರಿನ ಅಂಗಡಿಯ ದೀಪ ಹತ್ತಿತು. ಕೇಶರ ಮೇನ್ ಏರಿಸಿದಳು. ಏನೂ ಆಗಲಿಲ್ಲ. ಇಳಿಸಿ ಏರಿಸಿದಳು. ಆಗಲೂ ಇಲ್ಲ. ನಾಲ್ಕನೆಯ ಸಲಕ್ಕೆ ಸಾವಕಾರ ಬೇಸತ್ತು ಗಾದಿಯ ಕಡೆ ತಿರುಗಿದ. ಆರನೆಯ ಸಲ ಗುಂಡಿ ಯಾರೂ ಒತ್ತಿರಲಿಲ್ಲ, ಗಂಟೆಯೂ ಆಗಲಿಲ್ಲ. ರೋಲರು ಗರ್ರೆಂದು ತಿರುಗಿ, ಸೋನುಬಾಯಿ ಒರೆಸುತ್ತ ಬಾಯಲ್ಲೇ ಬಿಟ್ಟಿದ್ದ ಗೋಣಿಪಟ್ಟಿಯನ್ನು ಒಳಗೆಳೆದುಕೊಂಡಿತು.

ಕೇಶರ ಮೇನ್ ಇಳಿಸಿದಳು. ಸೋನುಬಾಯಿ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು:

"ಮದಲೆಲ್ಲಾ ದಿನಾ ಮೇನ್ ಇಳಿಸೇ ಕೈ ಹಾಕತಿದ್ದೆ. ಈ ಪೆಟಗಿ ಬಂದ ಮ್ಯಾಲ ಬಿಟ್ಟೆ. ನನ್ನ ಮಗಳು ಮಾಡ್ಯಾಳಲ್ಲ, ಅಂತ."