ಎರವಲು ಕೋವಿ

ಕಾಲು ಮಡಚುತ್ತಿರಲಿಲ್ಲ. ರೇವಣಪ್ಪ ಬಿಸಿನೀರಲ್ಲಿ ಅದ್ದಿದ ಟವೆಲ್ಲನ್ನು ಮಂಡಿಗೆ ಸುತ್ತಿ ಉಜ್ಜಿದ, ಒತ್ತಿದ, ಬೆವತ. ಒಂದು ಹಗಲು ಒಂದು ರಾತ್ರಿ ತರೀಕೆರೆಯ ಶವಾಗಾರದ ತಣ್ಣನೆ ಪೆಟ್ಟಿಗೆಯಲ್ಲಿ ಮಲಗಿ ಬಂದ ಷಣ್ಮುಖಪ್ಪ ಕೂರಲು ಒಪ್ಪುತ್ತಿರಲಿಲ್ಲ. ಲಿಂಗವಂತರಲ್ಲಿ ಹೆಣ ಮಲಗಿಸಿ ಹೂಳುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂತ ಹಾಗೆಯೇ ಗುಂಡಿಗೆ ಇಳಿಸಬೇಕು. ಊರಲ್ಲಿ ಆ ಕೆಲಸ ಮೂವತ್ತು ವರ್ಷದಿಂದ ರೇವಣಪ್ಪನದು. ಇಷ್ಟು ಹಟ ಮಾಡಿದ ಹೆಣ ಅವನಿಗೆ ಇದೇ ಮೊದಲು.

“ಜೀವ ಹೋದ ಗಳಿಗೇಲೇ ಕೂರಿಸ್ಬಿಡ್ಬೇಕು ಕಣ್ರೀ. ಒಂದಿನ ಮಡಿಕ್ಕಂಡ್ರೆ ಇನ್ನೇನಾಯ್ತದೆ,” ಎಂದು ಗೊಣಗಿದ. “ಬೀರಪ್ಪ, ಬೆನ್ನು ಗಟ್ಟಿಯಾಗಿ ಹಿಡ್ಕ. ಎದೆ ಮುಟ್ಬ್ಯಾಡ, ಹೊಲಿಗೆ ಹಾಕವ್ರೆ.”

ಸಣ್ಣಬೀರಪ್ಪ ಪಕ್ಕದ ಹೊಲದವನು, ಷಣ್ಮುಖಪ್ಪನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು. ಗೆಳೆಯನನ್ನು ಹಿಂದಿನಿಂದ ತಬ್ಬಿ ಹಿಡಿದು ಸದ್ದಿಲ್ಲದೆ ಅಳುತ್ತಿದ್ದ. ಕೊನೆಗೂ ಮಂಡಿ ಬಗ್ಗಿತು. ಬಗ್ಗಿದ ಸದ್ದಿಗೆ ಬಾಗಿಲಲ್ಲಿ ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

ವಿಶಾಲಾಕ್ಷಮ್ಮ ಗಂಡನ ಕಡೆ ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದಳು. ಯಾರೇ ಒಳಗೆ ಬಂದರೂ ಅವರ ಮುಖ ಪೂರ್ತಿ ಕಾಣುವ ತನಕ ಉಸಿರು ಬಿಗಿ ಹಿಡಿಯುತ್ತಿದ್ದಳು. ನಿನ್ನೆ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ ಮುಂದೆ, ಹೆಲ್ಮೆಟ್ ಹಾಕಿದ ಇಬ್ಬರು ಬೈಕಿನಲ್ಲಿ ಬಂದು, ಕ್ಯಾನು ಹಿಡಿದು ನಿಂತಿದ್ದ ಷಣ್ಮುಖಪ್ಪನ ಎದೆಗೆ ಒಂದೇ ಒಂದು ಗುಂಡು ಹೊಡೆದು ಹೋಗಿದ್ದರು. ಯಾಕೆ ಎನ್ನುವುದು ಊರಿನ ಕೂಸಿಗೂ ಗೊತ್ತು. ಯಾರು ಎಂದು ಮಾತ್ರ ಒಬ್ಬರೂ ಕೇಳುತ್ತಿರಲಿಲ್ಲ. ಬಂದವರು ಕಾಲು ಮುಟ್ಟಿ, ಐದು ನಿಮಿಷ ಕೂತು, “ಮಣ್ಣಿಗೆ ಬತ್ತೀವಿ” ಎಂದು ಎದ್ದು ಹೋಗುತ್ತಿದ್ದರು. ಆ ಐದು ನಿಮಿಷದಲ್ಲೂ ಜೇಬಿನ ಫೋನು ಗುರ್ ಎನ್ನುತ್ತಿತ್ತು. ತೆಗೆದು ನೋಡುವ ಧೈರ್ಯವಿಲ್ಲ, ನೋಡದೆ ಇರುವ ಧೈರ್ಯವೂ ಇಲ್ಲ. ನೂರಾರು ಜನ ಬರಬೇಕಾದ ಸಾವಿಗೆ ನಲವತ್ತು ಜನ ಬಂದಿದ್ದರು.

*

ಎರಡು ವರ್ಷದ ಹಿಂದೆ ಷಣ್ಮುಖಪ್ಪ ಶಿವನಿ ದಾಟಿದ ಮೇಲೆ ಸಿಗುವ ರೈಲ್ವೆ ಗೇಟಿನಲ್ಲಿ ಕೆಲಸಕ್ಕಿದ್ದ. ಮೂವತ್ತೊಂದು ವರ್ಷ ಗೇಟು ಹಾಕಿದ, ತೆಗೆದ. ಹೇಳಿಕೊಳ್ಳಲು ಅವನಿಗೆ ಬೇರೆ ಕಥೆ ಇರಲಿಲ್ಲ. ರಿಟೈರಾಗಲು ಐದು ತಿಂಗಳಿದ್ದಾಗ ಒಂದು ಮಧ್ಯಾಹ್ನ ಗೇಟು ಹಾಕಿತ್ತು, ರೈಲು ಬರುವುದಿತ್ತು. ನಜೀರ್ ಎಂಬ ಚನ್ನಗಿರಿ ಕಡೆಯ ಡ್ರೈವರ್ ಲಾರಿ ತಂದು ನಿಲ್ಲಿಸಿದ. ಲಾರಿಯಲ್ಲಿ ಉಳುವುದಕ್ಕೆ ಕೊಂಡ ಒಂದು ಜೊತೆ ಎತ್ತು, ಅವನ ಜೇಬಿನಲ್ಲಿ ರಸೀತಿ. ಅಷ್ಟು ಹೊತ್ತಿಗಾಗಲೇ ಲಾರಿಯ ನಂಬರು ‘ಕಾವಲು ಕಣ್ಣು’ ಎನ್ನುವ, ದನದ ಲಾರಿ ಅಡ್ಡಗಟ್ಟುವವರ ವಾಟ್ಸಾಪ್ ಗುಂಪಿನಲ್ಲಿ ಕಡೂರಿನಿಂದ ಅಜ್ಜಂಪುರದ ತನಕ ಓಡಾಡಿತ್ತು. ಆರು ಬೈಕು ಬಂದವು. ರಸೀತಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ನಜೀರ್ ಓಡಿಬಂದು ಗೇಟಿನ ಕೊಠಡಿಯ ಕಿಟಕಿ ಕಂಬಿ ಹಿಡಿದುಕೊಂಡು “ಗೇಟ್ ತೆಗೀರಿ ಅಣ್ಣ, ಹೊರಟೋಗ್ತೀನಿ” ಎಂದ. ಸಿಗ್ನಲ್ ಕೊಟ್ಟ ಮೇಲೆ ರೈಲು ದಾಟುವ ತನಕ ಗೇಟಿನ ಕೀಲಿ ತಿರುಗುವುದಿಲ್ಲ. ಅದು ಗೊತ್ತಿದ್ದೂ ಷಣ್ಮುಖಪ್ಪ ತಿರುಗಿಸಲು ನೋಡಿದ; ತಿರುಗಲಿಲ್ಲ. ರೈಲು ಬಂದು ಹೋಗುವುದರೊಳಗೆ ಬೈಕಿನವರ ಹೊಡೆತಕ್ಕೆ ನಜೀರನ ಕಥೆ ಮುಗಿದಿತ್ತು. ಅಪ್ಪನಿಗೆ ಬುತ್ತಿ ತಂದಿದ್ದ ಮಗಳು ಸಂಗೀತಾ ಕೊಠಡಿಯ ಹಿಂದೆ ನಿಂತು, ಬುತ್ತಿಯ ಚೀಲವನ್ನು ಬಾಯಿಗೆ ಒತ್ತಿಕೊಂಡು ಎಲ್ಲವನ್ನೂ ನೋಡಿದಳು.

ಪೊಲೀಸರ ಮುಂದೆ ಷಣ್ಮುಖಪ್ಪ ತನಗೆ ಗುರುತಿದ್ದ ನಾಲ್ವರ ಹೆಸರು ಹೇಳಿದ. ಮಗಳ ಹೆಸರು ಎತ್ತಲಿಲ್ಲ. ಮನೆಗೆ ಬಂದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, “ಇವಳು ಬುತ್ತಿ ತಂದಿದ್ದು ನಮ್ಮ ನಾಕು ಜನಕ್ಕೆ ಗೊತ್ತು. ಐದನೇಯೋರ ಕಿವಿಗೆ ಬೀಳಂಗಿಲ್ಲ,” ಎಂದ. ಆಮೇಲೆ ಗುಂಪಿನಲ್ಲಿ ಅವನ ಫೋಟೋ ಬಂತು, ಮುಖಕ್ಕೆ ಕೆಂಪು ಸುತ್ತು ಹಾಕಿ. ಸ್ಕೂಟರಿನ ನಂಬರು ಬಂತು. ಹಾಲು ಹಾಕಲು ಹೋಗುವ ಟೈಮು ಬಂತು. ಹೇಳಿಕೆ ವಾಪಸ್ ತಗೊ ಎಂದು ನೆಂಟರು ಬಂದು ಬುದ್ಧಿ ಹೇಳಿದರು. “ಗೇಟಂತೂ ತೆಗೀಲಿಲ್ಲ ನಾನು. ಬಾಯಾದ್ರೂ ತೆಗೀತೀನಿ ಬಿಡ್ರಪ್ಪ,” ಎಂದ. ಕೋರ್ಟಿನಲ್ಲಿ ಅವನ ಸಾಕ್ಷಿ ಇದ್ದದ್ದು ನಾಡಿದ್ದು, ಸೋಮವಾರ.

*

ಮಧ್ಯಾಹ್ನ ಹನ್ನೆರಡಕ್ಕೆ ಸಂಗೀತಾ ಅಮ್ಮನ ಪಕ್ಕಕ್ಕೆ ಸರಿದು ಕೂತು, ಸೆರಗಿನ ಮರೆಯಲ್ಲಿ ಫೋನು ತೋರಿಸಿದಳು.

“ತರೀಕೆರೆಯಿಂದ ನನ್ ಫ್ರೆಂಡ್ ತನುಜಾ ಕಳ್ಸಿದಾಳೆ. ಈಗ ಗುಂಪಲ್ಲಿ ಬಂತಂತೆ.”

ಫೋಟೋ ಇದೇ ನಡುಮನೆಯದು, ಹತ್ತು ನಿಮಿಷದ ಹಿಂದಿನದು. ಹಾರ ಹಾಕಿಕೊಂಡು ಕೂತ ಷಣ್ಮುಖಪ್ಪ, ಪಕ್ಕದಲ್ಲಿ ಸಂಗೀತಾ. ಕೆಳಗೆ ಬರೆದಿತ್ತು: ಒಬ್ಬ ಕೂತ. ಗೇಟಿಗೆ ಬುತ್ತಿ ತಂದವಳು ಪಕ್ಕದಲ್ಲೇ ಇದ್ದಾಳೆ.

ಫೋಟೋ ತೆಗೆದವರು ಯಾರಾದರೂ ಇರಬಹುದು. ಮನೆಯಲ್ಲಿ ನಲವತ್ತು ಫೋನಿದ್ದವು. ಆದರೆ ಬುತ್ತಿಯ ವಿಷಯ ಗೊತ್ತಿದ್ದವರು ನಾಲ್ಕೇ ಜನ. ಒಬ್ಬ ಹೆಣವಾಗಿ ಕೂತಿದ್ದಾನೆ. ಒಬ್ಬಳು ಫೋನು ಹಿಡಿದು ಪಕ್ಕದಲ್ಲಿ ಕೂತಿದ್ದಾಳೆ. ಒಬ್ಬಳು ತಾನು. ಲೆಕ್ಕ ಮುಂದುವರಿಸಲು ವಿಶಾಲಾಕ್ಷಮ್ಮನಿಗೆ ಭಯವಾಯಿತು.

ಅದೇ ಹೊತ್ತಿಗೆ ಸಬ್ ಇನ್ಸ್‌ಪೆಕ್ಟರ್ ರವಿಕುಮಾರ ಒಳಗೆ ಬಂದ. ಟೋಪಿ ತೆಗೆದು ಹೆಣಕ್ಕೆ ಕೈ ಮುಗಿದ. ನಿನ್ನೆಯಿಂದ ನಿದ್ದೆಯಿಲ್ಲದ ಕಣ್ಣು.

“ಈ ಹೊತ್ತಲ್ಲಿ ಕೇಳ್ಬಾರ್ದು ಅಮ್ಮ. ಡಾಕ್ಟ್ರು ಎದೆಯಿಂದ ತೆಗೆದಿದ್ದು ಸೀಸದ ಚರೆ. ಬೆಳೆ ಕಾಯೋ ಕೋವಿಯಲ್ಲಿ ಹಾಕೋದು. ಹೋಬಳಿಯ ಲೈಸೆನ್ಸ್ ಕೋವಿಗಳನ್ನೆಲ್ಲ ನೋಡ್ತಿದೀವಿ. ಯಜಮಾನ್ರ ಹೆಸರಲ್ಲೂ ಒಂದಿದೆ. ಎಲ್ಲಿದೆ ಅದು?”

ಅವಳು ಅಟ್ಟದ ಕಡೆ ನೋಡಲಿಲ್ಲ. ನಿನ್ನೆ ‘ಗುಂಡು’ ಎನ್ನುವ ಮಾತು ಕಿವಿಗೆ ಬಿದ್ದಾಗಿನಿಂದ ಅವಳು ಅಟ್ಟದ ಕಡೆ ನೋಡಿರಲಿಲ್ಲ.

“ನನ್ ತಾವ ಇತ್ತು ಸ್ವಾಮಿ,” ಎಂದ ಸಣ್ಣಬೀರಪ್ಪ, ಯಾರೂ ಕೇಳದೆಯೇ. “ಜೋಳಕ್ಕೆ ಹಂದಿ ಬಿದ್ದಿದ್ವು, ಇಸ್ಕಂಡಿದ್ದೆ. ಹೋದ್ ತಿಂಗ್ಳು ವಾಪಸ್ ಕೊಟ್ಟೆ.”

“ಕೊಟ್ಟಿದ್ದಕ್ಕೆ ಸಾಕ್ಷಿ ಯಾರು?”

ಸಣ್ಣಬೀರಪ್ಪ ಹೆಣದ ಕಡೆ ಕೈ ತೋರಿಸಿದ. “ಅವ್ನೇ.”

ರವಿಕುಮಾರ ಪೇದೆಗೆ, “ಮಣ್ಣಾದ್ಮೇಲೆ ಇವ್ರನ್ನ ಜೀಪಿಗೆ ಹತ್ತಿಸು,” ಎಂದ.

“ಕೋವಿ ವಿಷ್ಯ ನಾನು ಹೇಳ್ತೀನಿ ಸಾರ್,” ಎಂದಳು ವಿಶಾಲಾಕ್ಷಮ್ಮ. “ಮಣ್ಣಾಗೋಗ್ಲಿ.”

*

ಅದು ಷಣ್ಮುಖಪ್ಪನ ಅಪ್ಪನ ಕಾಲದ ಒಂಟಿ ನಳಿಗೆಯ ಕೋವಿ. ಲೈಸೆನ್ಸು ಇವನ ಹೆಸರಲ್ಲಿ, ಕೋವಿ ಊರಿನವರ ಕೈಯಲ್ಲಿ. ಮುಸುಕಿನ ಜೋಳ ಹಾಲುಗಟ್ಟುವ ಕಾಲಕ್ಕೆ ಯಾರ ಹೊಲಕ್ಕೆ ಹಂದಿ ಬಿದ್ದರೂ ಅವರು ಬಂದು ಕೇಳುವುದು, ಇವನು ಕೊಡುವುದು. ಔಷಧಿ ಹೊಡೆಯುವ ಪಂಪು ಕೊಟ್ಟ ಹಾಗೆ. ಎಲೆಕ್ಷನ್ ಬಂದಾಗ ಕೋವಿಯನ್ನು ಠಾಣೆಗೆ ಕೊಟ್ಟು ಬರಬೇಕು. ಹಾಗೆ ಹೋದಾಗೆಲ್ಲ ಪೊಲೀಸರು, ಲೈಸೆನ್ಸ್ ಇದ್ದವನು ಬಿಟ್ಟು ಇನ್ನೊಬ್ಬರು ಮುಟ್ಟಬಾರದು ಎಂದು ಹೇಳಿ ಕಳಿಸುತ್ತಿದ್ದರು. ಹೂಂ ಎಂದು ಬರುತ್ತಿದ್ದ. ಹಂದಿಗೆ ಕಾನೂನು ಹೇಳುವವರು ಯಾರು.

ಹನ್ನೆರಡು ದಿನದ ಹಿಂದೆ ಮಗ ಓಂಕಾರೇಶ ಅದನ್ನು ಕೇಳಿದ. ಅಜ್ಜಂಪುರದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟವನು, ಇಪ್ಪತ್ತಾರರ ಪ್ರಾಯ. ವರ್ಷದಿಂದ ಅಪ್ಪನ ಜೊತೆ ಮಾತು ಕಡಿಮೆ ಮಾಡಿದ್ದವನು ತಾನಾಗಿ ಬಂದು, “ಹಿರೇನಲ್ಲೂರು ಕಡೆ ನನ್ ಫ್ರೆಂಡ್ ಹೊಲಕ್ಕೆ ಹಂದಿ ಕಾಟವಂತೆ ಅಪ್ಪ,” ಎಂದಾಗ ಷಣ್ಮುಖಪ್ಪನಿಗೆ ಖುಷಿಯೇ ಆಗಿತ್ತು. ಅಟ್ಟ ಹತ್ತಿ ಕೋವಿ ಇಳಿಸಿದ. ಎಣ್ಣೆ ಬಟ್ಟೆಯಲ್ಲಿ ಒರೆಸಿದ. ಎರಡು ತೋಟಾ ಕೊಟ್ಟ.

“ಹಂದಿಗೆ ಹೊಡೀಬ್ಯಾಡಿ ಕಣೋ, ಮರಿ ಇರ್ತವೆ. ಮ್ಯಾಲಕ್ಕೆ ಹೊಡೀರಿ. ಸದ್ದಿಗೇ ಓಡ್ತವೆ,” ಎಂದ. ಮಗನ ಹೆಗಲ ಮೇಲೆ ಕೈ ಹಾಕಿ, “ಊಟ ಮಾಡ್ಕಂಡು ಹೋಗೋ,” ಎಂದ. ಓಂಕಾರೇಶ ಊಟ ಮಾಡಿಕೊಂಡೇ ಹೋದ. ಬಡಿಸಿದವಳು ವಿಶಾಲಾಕ್ಷಮ್ಮ.

*

ಹಿತ್ತಲಲ್ಲಿ ಓಂಕಾರೇಶ ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಒಲೆ ಆರಿತ್ತು. ಅಮ್ಮ ಬಂದು ಎದುರಿಗೆ ನಿಂತಳು.

“ಕೋವಿ ಎಲ್ಲೈತೋ?”

“ಈಗ್ಯಾಕವ್ವ ಅದು.”

“ಕೇಳಿದ್ದಕ್ಕೆ ಹೇಳು.”

ಅವನು ಬೂದಿ ಕೆದಕಿದ. “ಕಡೂರಿನೋರು ತಗಂಡೋದ್ರು. ಗುಂಪಿನ ಅಡ್ಮಿನ್ ಕಡೆಯೋರು.” ಕೆದಕುವುದು ನಿಲ್ಲಿಸಿದ. “ಹೆದರಿಸ್ತೀವಿ ಅಷ್ಟೆ ಅಂದಿದ್ರು ಕಣವ್ವ. ಮ್ಯಾಲಕ್ಕೊಂದು ಹೊಡೀತೀವಿ, ನಿಮ್ಮಪ್ಪ ಸೋಮವಾರ ಮನೇಲೇ ಉಳ್ಕಂತಾನೆ ಅಂದ್ರು. ಸಾಕ್ಷಿ ಹೇಳಿದ್ರೆ ಅಪ್ಪನ್ನ ಬಿಡ್ತಿರ್ಲಿಲ್ಲ ಅವ್ರು. ಉಳಿಸ್ಕಳನ ಅಂತಾನೇ ಕೊಟ್ಟೆ.”

“ಬುತ್ತಿ ವಿಷ್ಯ?”

ಓಂಕಾರೇಶ ಕೈಯಲ್ಲಿದ್ದ ಕಡ್ಡಿಯನ್ನು ಒಲೆಗೆ ಎಸೆದ.

“ನಿನ್ನೆ ಫೋನ್ ಮಾಡಿ ಬೈದೆ ಅವ್ರಿಗೆ. ಅಪ್ಪನ್ನ ಹೊಡೆದ್ರೆ ಕೇಸು ಬಿದ್ದೋಯ್ತದಾ, ನೋಡಿದೋರು ಇನ್ನೂ ಅವ್ರೆ ಅಂದ್ಬಿಟ್ಟೆ. ಸಿಟ್ಟಲ್ಲಿ ಬಂದ್ಬಿಡ್ತವ್ವ. ಯಾರು ಹೇಳು ಅಂದ್ರು. ಹೇಳ್ದಿದ್ರೆ ಇವತ್ತೇ ನಿನ್ನ ಸರದಿ ಅಂದ್ರು.”

“ಹೇಳ್ದೆ.”

ಅವನು ಅಳತೊಡಗಿದ. ಚಿಕ್ಕವನಿದ್ದಾಗ ಅಳುತ್ತಿದ್ದಂತೆಯೇ, ಮೂಗು ಮೇಲೆಳೆದುಕೊಂಡು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಸೆರಗಿನಿಂದ ಮೂಗು ಒರೆಸಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ತಾನು ಹೆತ್ತ ಮಗನ ಹತ್ತಿರ ಹೋಗಲು ಅವಳಿಗೆ ಹೆದರಿಕೆಯಾಗುತ್ತಿತ್ತು, ಅವನನ್ನು ಬಿಟ್ಟು ಹೋಗಲೂ ಹೆದರಿಕೆ.

“ಬೀರಪ್ಪಣ್ಣನ ತಾವ ಐತೆ ಅಂದ್ಬಿಡವ್ವ,” ಎಂದ ಓಂಕಾರೇಶ. “ಊರೆಲ್ಲ ನಂಬ್ತದೆ. ಎರಡು ದಿನ ಇಟ್ಕಂಡು ಬಿಡ್ತಾರೆ. ಅಷ್ಟ್ರಲ್ಲಿ ಸಂಗೀತನ್ನ ನಾನು ಎಲ್ಲಾದ್ರೂ ಕರ್ಕಂಡೋಗ್ತೀನಿ.”

“ಎಲ್ಲಿಗೆ ಅಂತ ಅವ್ರು ಕೇಳಿದ್ರೆ?”

ಒಳಗಿನಿಂದ ರೇವಣಪ್ಪ, ಹೊತ್ತಾಯ್ತು ಬರ್ರಪ್ಪ, ಎಂದು ಕೂಗಿದ.

*

ಗುಂಡಿ ತೋಡಿದ್ದು ಅವರದೇ ಹೊಲದಲ್ಲಿ, ಈರುಳ್ಳಿ ಕಿತ್ತು ಖಾಲಿಯಾಗಿದ್ದ ಜಾಗದಲ್ಲಿ. ಮಣ್ಣಿಗೆ ಬತ್ತೀವಿ ಎಂದವರಲ್ಲಿ ಅರ್ಧ ಜನವೂ ಬಂದಿರಲಿಲ್ಲ. ಬಂದವರು ಗುಂಡಿಗಿಂತ ಹೆಚ್ಚಾಗಿ ರಸ್ತೆ ಕಡೆ ನೋಡುತ್ತಿದ್ದರು. ರಸ್ತೆಯಲ್ಲಿ ಮೂರು ಬೈಕು ನಿಂತಿದ್ದವು. ಮೇಲೆ ಕೂತವರು ಹೆಲ್ಮೆಟ್ ತೆಗೆದಿರಲಿಲ್ಲ, ಎಂಜಿನ್ ಆರಿಸಿರಲಿಲ್ಲ. ಪೇದೆ ಅತ್ತ ನಡೆದರೆ ನೂರು ಗಜ ಮುಂದೆ ಹೋಗಿ ನಿಲ್ಲುತ್ತಿದ್ದರು, ಇತ್ತ ಬಂದರೆ ಮತ್ತೆ ಬರುತ್ತಿದ್ದರು. ಒಬ್ಬ ಫೋನು ಎತ್ತಿ ಹಿಡಿದಿದ್ದ. ಸಂಗೀತಾ ಹೋದ ಕಡೆಗೆಲ್ಲ ಆ ಫೋನು ತಿರುಗುತ್ತಿತ್ತು. ವಿಶಾಲಾಕ್ಷಮ್ಮ ಮಗಳನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಳು.

ರೇವಣಪ್ಪ, ಓಂಕಾರೇಶ ಇಬ್ಬರೂ ಗುಂಡಿಗೆ ಇಳಿದರು. ಮೇಲಿನಿಂದ ಇಳಿಸಿದ ದೇಹವನ್ನು ತಬ್ಬಿ ಹಿಡಿದು, ಒಳಗೆ ಕೊರೆದಿದ್ದ ಗೂಡಿನಲ್ಲಿ ಕೂರಿಸಿದರು. ಅಯ್ಯನವರು ಮಂತ್ರ ಹೇಳುತ್ತಿದ್ದಂತೆ ಓಂಕಾರೇಶ ಅಪ್ಪನ ಸುತ್ತ ವಿಭೂತಿ ಗಟ್ಟಿ ಪೇರಿಸಿದ, ಬಿಲ್ವಪತ್ರೆ ಸುರಿದ. ಎದೆಯ ಹೊಲಿಗೆ ಕಾಣಿಸಿದಾಗ ಒಮ್ಮೆ ತಡೆದ. ಆಮೇಲೆ ಅದರ ಮೇಲೂ ವಿಭೂತಿ ಸವರಿದ. ಮೇಲೆ ನಿಂತು ನೋಡುತ್ತಿದ್ದ ಸಣ್ಣಬೀರಪ್ಪನ ಪಕ್ಕದಲ್ಲಿ ಪೇದೆ ಆಗಲೇ ಬಂದು ನಿಂತಿದ್ದ. ಬೀರಪ್ಪನಿಗೆ ಅದರ ಕಡೆ ಗಮನವೇ ಇರಲಿಲ್ಲ; ಅವನು ಗೆಳೆಯನಿಗೆ ಹಾಕಲು ಹಿಡಿ ಮಣ್ಣು ಹಿಡಿದುಕೊಂಡಿದ್ದ.

ರೇವಣಪ್ಪ ಮೇಲೆ ಬಂದ. ಓಂಕಾರೇಶ ಕೆಳಗಿನಿಂದ ಕೈ ಚಾಚಿದ. ಎಳೆದುಕೊಳ್ಳಲು ಗಂಡಸರು ಇಬ್ಬರು ಬಗ್ಗಿದರು. ಅವರನ್ನು ಸರಿಸಿ ವಿಶಾಲಾಕ್ಷಮ್ಮ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಮಗನ ಮಣಿಕಟ್ಟು ಹಿಡಿದಳು.

“ಎಳಿಯವ್ವ,” ಎಂದ ಅವನು.

ಅವಳು ಎಳೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಜೈಲಲ್ಲಿದ್ರೆ ಉಳ್ಕಂತೀಯ ಕಣಪ್ಪ,” ಎಂದಳು, ಅವನಿಗೆ ಮಾತ್ರ ಕೇಳುವಂತೆ. “ನಿನ್ ತಂಗೀನೂ ಉಳ್ಕಂತಾಳೆ.”

“ಅವ್ವ, ಬ್ಯಾಡವ್ವ.”

ಅವಳು ತಲೆ ಎತ್ತಿದಳು. ರಸ್ತೆಗೂ ಕೇಳುವಷ್ಟು ಗಟ್ಟಿ ದನಿಯಲ್ಲಿ, “ಸಾರ್, ಬೀರಪ್ಪಣ್ಣನ್ನ ಬಿಡಿ,” ಎಂದಳು. “ಕೋವಿ ಕೊಟ್ಟೋನು ಇವ್ನು. ತಗಂಡೋರು ಯಾರು ಅಂತ ಇವ್ನಿಗೆ ಗೊತ್ತು.”

ರಸ್ತೆಯಲ್ಲಿ ಬೈಕುಗಳು ಒಟ್ಟಿಗೆ ರೊಯ್ಯೆಂದವು. ರವಿಕುಮಾರ ಈರುಳ್ಳಿ ಹೊಲದ ಹೆಂಟೆಗಳನ್ನು ಎಡವುತ್ತ ಓಡಿಬಂದ. ಓಂಕಾರೇಶ ಕೈ ಕಿತ್ತುಕೊಳ್ಳಲು ಜಗ್ಗಿದ. ವಿಭೂತಿ ಮೆತ್ತಿದ ಮಣಿಕಟ್ಟು ಜಾರುತ್ತಿತ್ತು. ಅವಳು ಇನ್ನಷ್ಟು ಬಗ್ಗಿ ಹಿಡಿದಳು. ಅವಳ ಮಂಡಿಯ ಕೆಳಗಿನ ಅಂಚು ಕುಸಿದು, ಮಣ್ಣು ಸಣ್ಣಗೆ ಉದುರಿ, ಕೆಳಗೆ ಕೂತಿದ್ದ ಗಂಡನ ಮಡಿಲಿಗೆ ಬೀಳುತ್ತಿತ್ತು.