ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ದರ್ಜಿಯ ಹೆಂಡತಿ ರೈಲು ನಿಲ್ದಾಣದಲ್ಲಿ ಘೋಷಣೆ ಹೇಳುತ್ತಿದ್ದವಳು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಸೇವೆ ಮುಂದುವರಿದಿತ್ತು: "ಪ್ರಯಾಣಿಕರ ಗಮನಕ್ಕೆ, ಚಹಾ ಎರಡನೇ ಒಲೆಗೆ ಬರುತ್ತಿದೆ. ಕನ್ನಡಕ ಹುಡುಕುತ್ತಿರುವ ದರ್ಜಿಗಳು ತಮ್ಮ ಹಣೆಯನ್ನು ಸಂಪರ್ಕಿಸಬೇಕು."

ಅವಳ ತಂಗಿ ತೀರಿಕೊಂಡ ಮೇಲೆ ಮೈಕು ಕೆಟ್ಟಿತು. ಹಗಲೆಲ್ಲ ಮಂಚ, ಕಿಟಕಿ, ಬಿಸ್ಕತ್ತಿನ ಡಬ್ಬಿ. ಮೈ ತುಂಬಿತು, ನಗು ಸೊರಗಿತು. ನೋಡಿದವರೆಲ್ಲ ಮೈಯನ್ನಷ್ಟೇ ನೋಡಿದರು. "ಗುಂಡುಗುಂಡಗಾಗಿದ್ದೀರಿ ಅತ್ತಿಗೇ... ಅಂದ್ರೆ ಸುಖವಾಗಿದ್ದೀರೀ..." ಎಂದು ಪಕ್ಕದ ಮನೆಯಾಕೆ ಮೂಗಿನಲ್ಲೇ ರಾಗ ಎಳೆದು ಹೋದಳು.

ಅಂಗಿ ಬಿಗಿಯಾದರೆ ಇವಳು ಇನ್ನೂ ಕುಗ್ಗುತ್ತಾಳೆಂದು ದರ್ಜಿಗೆ ದಿಗಿಲು. ಒಗೆದ ಅಂಗಿಗಳನ್ನು ಗುಟ್ಟಾಗಿ ಅಂಗಡಿಗೆ ಒಯ್ದು, ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಇಷ್ಟಿಷ್ಟೇ ಸಡಿಲಿಸಿ ಹೊಲಿದ. ಇಸ್ತ್ರಿ ಹಾಕಿ ಬೀರುವಿನಲ್ಲಿಟ್ಟು ಏನೂ ಗೊತ್ತಿಲ್ಲದವನಂತೆ ಕೆಮ್ಮಿದ.

ಅವಳ ಮಂಡಿನೋವಿಗೆಂದು ಇಬ್ಬರೂ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಕೇಳಿದರು, "ಇತ್ತೀಚೆಗೆ ತೂಕ ಏರಿದೆಯಾ ಅಮ್ಮ?"

"ಇಲ್ಲಮ್ಮ. ಅವೇ ಹಳೇ ಅಂಗಿ, ಆಗ್ತಾವಲ್ಲ."

"ನಿದ್ದೆ? ಮನಸ್ಸು?"

"ಎಲ್ಲಾ ಸರಿ ಇದೆ."

ಡಾಕ್ಟರಮ್ಮ ಮುಲಾಮು ಬರೆಯತೊಡಗಿದರು. ತಾನೀಗ ಬಾಯಿ ಹೊಲಿದುಕೊಂಡರೆ ಮಂಡಿಗೆ ಮಾತ್ರ ಮದ್ದು ಸಿಗುತ್ತದೆ, ಇವಳಿಗಲ್ಲ ಎನ್ನಿಸಿ ದರ್ಜಿ ತಟ್ಟನೆ ಎದ್ದು ನಿಂತ.

"ಸುಳ್ಳು! ಇವಳ ಅಂಗಿ ಬಿಚ್ಚಿದ್ದು ನಾನು, ಡಾಕ್ಟ್ರೇ!"

ಡಾಕ್ಟರಮ್ಮನ ಪೆನ್ನು ನಿಂತಿತು.

"ಅಂದ್ರೆ... ಹೊಲಿಗೆ! ಬಿಚ್ಚಿ ಬಿಚ್ಚಿ ಅಗಲ ಮಾಡ್ದೆ. ಈಗ ಒಳಗೆ ಬಟ್ಟೆ ಉಳಿದಿಲ್ಲ. ತಂಗಿ ಹೋದಾಗಿಂದ ಇವಳು ನಗಲ್ಲ, ಮಾತಿಲ್ಲ, ರಾತ್ರಿಯೆಲ್ಲ ಗೋಡೆ ನೋಡ್ತಾಳೆ."

ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. "ಈ ವಯಸ್ಸಲ್ಲಿ ದುಃಖಕ್ಕೆ ಕೆಲವರು ಊಟ ಬಿಟ್ಟು ಸೊರಗ್ತಾರೆ, ಕೆಲವರು ಹೀಗೆ ಊದ್ಕೋತಾರೆ. ಇಬ್ಬರಿಗೂ ಚಿಕಿತ್ಸೆ ಇದೆ. ಮೊದಲು ಹೇಳಿ, ನಿಮ್ಮ ತಂಗಿ ಹೇಗಿದ್ರು?"

ಹೆಂಡತಿ ಬಾಯಿ ತೆರೆದಳು. ಮಾತಿಗಿಂತ ಮುಂಚೆ ಅಳು ಬಂತು. ಆಮೇಲೆ ಮಾತೂ ಬಂತು, ತುಂಬಾ ಹೊತ್ತು.

ಹೊರಗೆ ಬಂದಾಗ ದರ್ಜಿ ತಲೆ ತಗ್ಗಿಸಿದ್ದ. "ಕೋಪಾನಾ?"

"ಹಳೇ ಸೂಜಿತೂತು ಕಾಣಲ್ವೇನ್ರೀ ನಂಗೆ? ದರ್ಜಿ ಹೆಂಡ್ತಿ ನಾನು. ನೀವು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಎದೆ ಹಗುರಾಗಿ ಅವನ ಕಾಲು ಚುರುಕಾಯಿತು; ಮಂಡಿನೋವಿನವಳು ಹಿಂದುಳಿದಳು. ಹಿಂದಿನಿಂದ ತುಕ್ಕು ಹಿಡಿದ ದನಿಯೊಂದು ಕೇಳಿತು: "ಪ್ರಯಾಣಿಕರ ಗಮನಕ್ಕೆ... ಗಾಡಿ... ತಡವಾಗಿ ಬರ್ತಿದೆ."

ದರ್ಜಿ ನಿಂತ. ಎಷ್ಟು ತಡ ಎಂದು ಕೇಳಲಿಲ್ಲ.