ಲೋಕಯ್ಯ ಎಸೆದ ರಾಂಪತ್ರೆ ಸಸಿ

ನನ್ನ ಮಗಳು ಕಿನ್ನಿ ಒದ್ದೆ ಸೀರೆಯಲ್ಲಿ ಕುಟುಂಬದವರೆಲ್ಲರ ಮುಂದೆ ನೆಲಕ್ಕೆ ಹಣೆ ಹಚ್ಚಿ ತಪ್ಪೊಪ್ಪಿಕೊಳ್ಳಬೇಕಂತೆ. ತಪ್ಪು ಯಾವುದು? ನಾಗಬನದಲ್ಲಿ ಅವಳ ಸೋದರಮಾವ ನೆಟ್ಟ ರಾಂಪತ್ರೆ ಸಸಿಗಳೆಲ್ಲ ಸತ್ತವು. ಸತ್ತದ್ದು ಯಾಕೆ? ಅವಳು ಮುಟ್ಟಾದಾಗ ಬನಕ್ಕೆ ಕಾಲಿಟ್ಟಳು. ಹೇಳಿದ್ದು ಜೋಯಿಸರು, ಹೇಳಿಸಿದ್ದು ಆ ಮಾವನೇ, ನನ್ನ ತಮ್ಮ ಲೋಕಯ್ಯ.

ಬಿಜೈಯಲ್ಲಿ ನಮ್ಮ ಮನೆ. ನಮ್ಮ ಅಳಿಯಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತಾನಕ್ಕೆ, ಯಜಮಾನಿಕೆ ಮಾತ್ರ ಗಂಡಸಿಗೆ. ಹಾಗಾಗಿ ಮನೆ ನನ್ನದು ಮತ್ತು ಕಿನ್ನಿಯದು, ಬಾಯಿ ಲೋಕಯ್ಯನದು. ಮನೆಯ ಹಿಂದೆ ಬನ ಇತ್ತು. ಇತ್ತು ಎಂದೇ ಹೇಳಬೇಕು. ರೆಂಜೆ, ಸುರಗಿ, ಹಾಲೆ, ಕಾಸರಕ, ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ. ಅಲ್ಲಿ ಒಂದು ಕಡ್ಡಿ ಮುರಿಯಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು, ನಾವು ಮುರಿದವರಲ್ಲ. ಒಂದೇ ಜಾತಿಯ ಎರಡು ದೊಡ್ಡ ಮರ ಒತ್ತಾಗಿ ನಿಂತದ್ದನ್ನು ಆ ಬನದಲ್ಲಿ ನಾನು ಕಂಡಿಲ್ಲ. ರಾಂಪತ್ರೆಯ ದೊಡ್ಡ ಮರದ ಅಡಿಯಲ್ಲಿ ಪ್ರತಿ ಮಳೆಗಾಲವೂ ಚಾಪೆ ಹಾಸಿದ ಹಾಗೆ ಸಸಿ ಏಳುತ್ತಿತ್ತು. ಒಂದೂ ಮೊಣಕಾಲಿನ ಮೇಲೆ ಬಂದದ್ದಿಲ್ಲ. ಮಂಗಟ್ಟೆ ಹಕ್ಕಿ ಬೀಜ ನುಂಗಿ ದೂರ ಎಲ್ಲಿ ಹಾಕಿತೋ ಅಲ್ಲಿ ಒಂದೊಂದು ಬದುಕುತ್ತಿತ್ತು.

ಲೋಕಯ್ಯನಿಗೆ ಇದು ದಂಡ ಎಂದು ಕಂಡಿತು. "ಅಕ್ಕ, ರಾಂಪತ್ರೆಗೆ ಬಂದರಿನ ಮಸಾಲೆಯವರಲ್ಲಿ ಒಳ್ಳೆ ಗಿರಾಕಿ ಉಂಟು. ಈ ಕಾಟು ಮರ ಎಂತಕ್ಕೆ? ನಾಗನ ಕಲ್ಲಿನ ಸುತ್ತ ಬರೀ ರಾಂಪತ್ರೆ ಇಡುವ. ದೇವರಿಗೂ ಚಂದ, ನಮಗೂ ಚಂದ."

"ಚಂದ ನೋಡಲಿಕ್ಕೆ ನಾಗ ಎಂತ ಮದುಮಗನಾ?" ಎಂದೆ.

ಕೇಳುವವರು ಯಾರು? ದೇವರ ಅಪ್ಪಣೆ ಆಗಿದೆ ಎಂದ. ರೆಂಜೆ ಬಿತ್ತು, ಸುರಗಿ ಬಿತ್ತು. ಹಂಚಿನ ಕಾರ್ಖಾನೆಯ ಗಾಡಿಗಳು ಬಂದು ಎಲ್ಲವನ್ನೂ ಒಲೆಗೆ ಹೊತ್ತುಕೊಂಡು ಹೋದವು. ಹೂ ಬಿಟ್ಟಿದ್ದ ಸುರಗಿ ಕೊಂಬೆ ಗಾಡಿಯಿಂದ ನೇತಾಡುತ್ತ ಹೋದದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು.

ಮಳೆ ಬಿದ್ದ ಮೇಲೆ ತಾಯಿಮರದ ಅಡಿಯ ಸಸಿಗಳನ್ನು ಕಿತ್ತು, ಹಗ್ಗ ಹಿಡಿದು, ಸಾಲು ಸಾಲಾಗಿ ಒತ್ತಾಗಿ ನೆಟ್ಟ. ಒಂದು ಸಸಿ ಡೊಂಕಿತ್ತು. ಸಾಲು ಕೆಡುತ್ತದೆ ಎಂದು ಅದನ್ನು ಪಾಗಾರದ ಗೋಡೆಯ ಆಚೆ ಎಸೆದ. ಆಚೆ ಹಲೀಮಾನ ಮನೆ. ಅವಳ ಗಂಡ ಉಮರಬ್ಬ ಬಂದರಿನಲ್ಲಿ ಒಣಮೀನಿನ ವ್ಯಾಪಾರಿ. ಕಿನ್ನಿಗೆ ಮನಸ್ಸು ಕೇಳಲಿಲ್ಲ. ಆಚೆ ಹೋಗಿ ಹಲೀಮಾನ ಬಚ್ಚಲ ನೀರು ಹರಿಯುವಲ್ಲಿ ಅದನ್ನು ಊರಿ ಬಂದಳು.

ಬೇಸಗೆಯಿಡೀ ಬನದ ಸಸಿಗಳಿಗೆ ಕೊಡಪಾನ ಹೊತ್ತವಳು ಕಿನ್ನಿ. ಲೋಕಯ್ಯ ಒಂದು ಚೊಂಬು ನೀರು ಹಾಕಲಿಲ್ಲ. ಮರುವರ್ಷ ಹೊಸ ಚಿಗುರು ಬಂದಾಗ ತಾಯಿಮರದ ಬದಿಯ ಸಾಲಿಗೆ ಕಪ್ಪು ಹುಳ ಹತ್ತಿತು. ಎಲೆಗೆ ಎಲೆ ತಾಗುತ್ತಿತ್ತಲ್ಲ, ಒಂದು ಮುಗಿಸಿ ಪಕ್ಕದ್ದಕ್ಕೆ ನಡೆದೇ ಹೋಯಿತು. ಕಿನ್ನಿ ಬೂದಿ ಎರಚಿದಳು, ಕೈಯಲ್ಲಿ ಹೆಕ್ಕಿ ಹೆಕ್ಕಿ ಹಾಕಿದಳು. ಕೊನೆಗೆ ಬನದಲ್ಲಿ ಉಳಿದದ್ದು ಕಡ್ಡಿಗಳ ಸಾಲು.

ಅಷ್ಟು ದುಡಿದ ಹುಡುಗಿಯ ತಲೆಗೆ ಈ ಮಾತು!

ಪ್ರಾಯಶ್ಚಿತ್ತದ ದಿನ ಬೆಳಿಗ್ಗೆ ಕುಟುಂಬದವರೆಲ್ಲ ಬಂದು ಕೂತರು. ನಮ್ಮ ಅಮ್ಮನ ತಮ್ಮ ಸಂಕಪ್ಪ ಮಾವ ಹಿರಿಯ, ಅವರು ಎಲೆ ಅಡಿಕೆ ಬಾಯಿಗೆ ಹಾಕಿದ್ದರು. ಕಿನ್ನಿ ಬಾವಿಕಟ್ಟೆಯ ಹತ್ತಿರ ನಿಂತು ಅಳುತ್ತಿದ್ದಳು.

"ಅಮ್ಮ, ನಾನು ಆಗ ಹೋಗಲೇ ಇಲ್ಲ. ಆ ದಿನಗಳಲ್ಲಿ ನೀನೇ ನೀರು ಹಾಕಿದ್ದಲ್ಲವಾ?"

"ಗೊತ್ತುಂಟು. ಅಳಬೇಡ. ಸೀರೆ ಒದ್ದೆ ಮಾಡಬೇಡ" ಎಂದು ಅವಳ ಕೈ ಹಿಡಿದು ಜಗಲಿಗೆ ತಂದೆ. "ಸಂಕಪ್ಪ ಮಾವ, ಎಲ್ಲರೂ ಒಮ್ಮೆ ಪಾಗಾರದ ಹತ್ತಿರ ಬನ್ನಿ."

"ಅಕ್ಕ, ಮುಹೂರ್ತ ತಪ್ಪುತ್ತದೆ" ಎಂದ ಲೋಕಯ್ಯ.

"ತಪ್ಪಲಿ. ನಿನ್ನ ಬುದ್ಧಿ ತಪ್ಪಿ ವರ್ಷವಾಯಿತು, ಯಾರೂ ಕೇಳಲಿಲ್ಲ."

ಎಲ್ಲರೂ ಎದ್ದು ಬಂದರು. ಆಚೆ ಹಲೀಮಾ ಮೀನು ತೊಳೆಯುತ್ತಿದ್ದವಳು ಇಷ್ಟು ತಲೆಗಳನ್ನು ಒಟ್ಟಿಗೆ ಕಂಡು ಸೆರಗು ಎಳೆದುಕೊಂಡಳು. ಅವಳ ಪಕ್ಕದಲ್ಲಿ ಆ ಡೊಂಕು ಸಸಿ ಎದೆಯೆತ್ತರ ನಿಂತಿತ್ತು. ಒಂದು ಎಲೆಗೂ ತೂತಿಲ್ಲ.

"ಇದು ಯಾವ ಗಿಡ, ಲೋಕಯ್ಯ?"

ಅವನು ಮುಖವನ್ನು ಬನದ ಕಡೆ ತಿರುಗಿಸಿದ.

"ಅದೇ ತಾಯಿಯ ಮಗು, ನೀನೇ ಎಸೆದದ್ದು. ನೆಟ್ಟದ್ದು ಯಾರು ಹೇಳು ಹಲೀಮಾ."

"ಕಿನ್ನಿಯೇ, ಬಾಗಿಯಕ್ಕ. ಈಗಲೂ ದಿನಾ ಬಂದು ನೋಡ್ತಾಳೆ. ಎಂತಾಯ್ತು?"

"ನಮ್ಮ ಕಿನ್ನಿಯ ಕೈ ತಾಗಿದರೆ ರಾಂಪತ್ರೆ ಸಾಯುತ್ತದಂತೆ."

"ಹಾಗಾದರೆ ನನ್ನ ಮೀನಿನ ನೀರಿಗೆ ಇದು ಎಂದೋ ಸಾಯಬೇಕಿತ್ತಲ್ಲ!"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಲೋಕಯ್ಯನ ಮುಖ ಕೆಂಪಾಯಿತು. "ಬನಕ್ಕೆ ಹುಳ ಕಳಿಸಿದ್ದು ನಾಗ."

"ಕಳಿಸಿದ್ದು ನೀನು! ಮೊದಲು ಹುಳ ಒಂದು ರಾಂಪತ್ರೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ರೆಂಜೆ, ಸುರಗಿ, ಹಾಲೆ ದಾಟಬೇಕಿತ್ತು. ದಾರಿಯಲ್ಲೇ ಹಸಿದು ಸಾಯುತ್ತಿತ್ತು. ನೀನು ಎಲ್ಲ ಕಡಿದು ಅದಕ್ಕೆ ಸಾಲಾಗಿ ಎಲೆ ಹಾಕಿ ಊಟಕ್ಕೆ ಕೂರಿಸಿದೆ. ಇಲ್ಲಿ ಒಂಟಿ ಗಿಡ, ಹುಳಕ್ಕೆ ಗುರುತು ಸಿಕ್ಕಲಿಲ್ಲ. ಅಲ್ಲ, ನಾಗನ ಸಿಟ್ಟೇ ಆದರೆ, ಅವನಿಗೆ ಹಲೀಮಾನ ಮನೆಯ ದಾರಿ ಗೊತ್ತಿಲ್ಲವಾ?"

ಸಂಕಪ್ಪ ಮಾವ ಪಾಗಾರದ ಬುಡಕ್ಕೆ ಎಲೆ ಅಡಿಕೆ ಉಗಿದರು. "ಲೋಕಯ್ಯ, ತಲೆ ಬಗ್ಗಿಸಲೇಬೇಕು ಎಂದು ನಿನಗಿದ್ದರೆ ನೀನು ಬಗ್ಗಿಸು ಮಾರಾಯ. ಹುಡುಗಿಯನ್ನು ಬಿಡು" ಎಂದು ಹೆಗಲಿನ ವಸ್ತ್ರ ಕೊಡವಿ ಮನೆಗೆ ಹೊರಟರು. ಉಳಿದವರೂ ಒಬ್ಬೊಬ್ಬರಾಗಿ ಹೊರಟರು.

ಲೋಕಯ್ಯ ಅಲ್ಲೇ ನಿಂತ. ಎಲ್ಲರೂ ಹೋದ ಮೇಲೆ ಪಾಗಾರದ ಮೇಲಿಂದ ಬಗ್ಗಿ ಕೇಳಿದ: "ಹಲೀಮಾ, ಆ ಗಿಡ ಕೊಡ್ತೀಯಾ? ಬನದಲ್ಲಿ ನೆಡ್ತೇನೆ."

ಎಂಥ ನಾಚಿಕೆಗೇಡಿ ಬಾಯಿ! ನಾನು ಬೈಯಲು ಹೊರಟೆ. ಅಷ್ಟರಲ್ಲಿ ಕಿನ್ನಿ ಕಣ್ಣು ಒರೆಸಿಕೊಂಡು ಹೇಳಿದಳು: "ಬೇಡ ಮಾವ. ಮೊದಲು ರೆಂಜೆ ಇಡಿ, ಸುರಗಿ ಇಡಿ. ಅದೆಲ್ಲ ಏಳಲಿ. ಆಮೇಲೆ ಇದರ ಬೀಜವನ್ನು ಹಕ್ಕಿಯೇ ತಂದು ಹಾಕ್ತದೆ."

ಬಾವಿಯಿಂದ ನೀರು ಸೇದಿ, ಕೊಡಪಾನ ಸೊಂಟಕ್ಕಿಟ್ಟು ಅವಳು ಆಚೆ ಮನೆಗೆ ಹೊರಟಳು. ಒಣ ಸೀರೆಯಲ್ಲೇ. ದಾರಿಯಲ್ಲಿ ನಿಂತಿದ್ದ ಲೋಕಯ್ಯ ಪಕ್ಕಕ್ಕೆ ಸರಿದ.

ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಇನ್ನೂ ಬಂದಿಲ್ಲ. ಬರುವ ತನಕ ಅವನ ಊಟದ ಎಲೆಗೆ ನಾನು ಬಡಿಸುವುದಿಲ್ಲ.